ಮೈಕ್ ಕೆಟ್ಟಿದೆ ಎನ್ನುವ ಮೊದಲು: ಕಂಪ್ಯೂಟರಿನಲ್ಲಿ ದನಿ ದಾಖಲಾಗದಿದ್ದರೆ ಹುಡುಕುವ ಬಗೆ

ಕಳೆದ ಆಟಿ ಎಂಬ ತುಳು ತಿಂಗಳಲ್ಲಿ ಲ್ಯಾಪ್‌ಟಾಪ್ ಹಿಡಿದುಕೊಂಡು ಕಾಪುವಿನ ಬಳಿಯ ದೊಡ್ಡಮ್ಮನ ಮನೆಗೆ ಹೋಗಿದ್ದೆ. ನೇಜಿ (ಭತ್ತದ ಸಸಿ) ನೆಡುವಾಗ ಗದ್ದೆಯಲ್ಲಿ ಹಾಡುತ್ತಿದ್ದ ಪಾಡ್ದನಗಳೆಂಬ ತುಳು ಜನಪದ ಹಾಡುಗಳಲ್ಲಿ ಅವರಿಗೆ ಇನ್ನೂ ನೆನಪಿರುವಷ್ಟನ್ನು ದಾಖಲಿಸಿ ಇಡಬೇಕೆಂಬುದು ನನ್ನ ಬಹುದಿನದ ಆಸೆ. ದೊಡ್ಡಮ್ಮ ನಲವತ್ತು ನಿಮಿಷ ಹಾಡಿದರು. ಉಡುಪಿಗೆ ಮರಳಿ ಫೈಲ್ ತೆರೆದರೆ ಪರದೆಯ ಉದ್ದಕ್ಕೂ ಒಂದೇ ನೇರ ಗೆರೆ. ಉಸಿರಿನ ಸದ್ದು ಕೂಡ ಇರಲಿಲ್ಲ.

ಮೈಕ್ ಕೆಟ್ಟಿರಲಿಲ್ಲ. ರೆಕಾರ್ಡ್ ಮಾಡುವ ತಂತ್ರಾಂಶ ಮೈಕಿನ ಬದಲು ‘ಸ್ಟೀರಿಯೋ ಮಿಕ್ಸ್’ ಎಂಬ ಮೂಲವನ್ನು ಆರಿಸಿಕೊಂಡಿತ್ತು. ಅದು ಹಿಡಿಯುವುದು ಕಂಪ್ಯೂಟರ್ ತಾನೇ ನುಡಿಸುವ ಸದ್ದನ್ನು ಮಾತ್ರ. ಆಗ ಅದು ಏನನ್ನೂ ನುಡಿಸುತ್ತಿರಲಿಲ್ಲ. ಮರುವಾರ ಮತ್ತೆ ಹೋದೆ, ದೊಡ್ಡಮ್ಮ ಬೇಸರಿಸದೆ ಮತ್ತೆ ಹಾಡಿದರು. ಆದರೆ ಮೊದಲ ದಿನ ತಾನಾಗಿ ಬಂದ ಎಷ್ಟೋ ಸಾಲುಗಳು ಎರಡನೆಯ ದಿನ ಬರಲಿಲ್ಲ.

ಅಂದಿನಿಂದ, ಯಕ್ಷಗಾನ ಕಲಿಸುವವರಾಗಲಿ, ಆನ್‌ಲೈನ್ ಪಾಠ ಮಾಡುವ ಟೀಚರುಗಳಾಗಲಿ, ‘ಮೈಕ್ ಹೋಯಿತು, ಯಾವುದನ್ನು ಕೊಳ್ಳಲಿ’ ಎಂದು ಕೇಳಿದರೆ ನಾನು ಹೇಳುವುದು ಇಷ್ಟೇ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ, ದನಿ ಎಲ್ಲಿಯವರೆಗೆ ಬಂದು ನಿಂತಿದೆ ಎಂದು ಮೊದಲು ನೋಡಿ. ಬಾಯಿಯಿಂದ ಹೊರಟ ದನಿ ಮೈಕ್, ವೈರು, ಪಿನ್ ಸಿಕ್ಕಿಸುವ ಜಾಕ್, ದನಿಯನ್ನು ಕಂಪ್ಯೂಟರಿಗೆ ತಿಳಿಯುವಂತೆ ಬದಲಿಸುವ ಸೌಂಡ್ ಕಾರ್ಡ್, ವಿಂಡೋಸ್, ಕೊನೆಗೆ ಆ್ಯಪ್ ಎಂದು ಒಂದೊಂದೇ ಕಡವು ದಾಟಿ ಬರಬೇಕು. ನಾನು ಕಂಡ ಮಟ್ಟಿಗೆ ದನಿ ಹೆಚ್ಚಾಗಿ ಸಿಕ್ಕಿಬೀಳುವುದು ಕೊನೆಯ ಎರಡು ಕಡವುಗಳಲ್ಲಿ. ಅಲ್ಲಿ ಸರಿಪಡಿಸಲು ಒಂದು ರೂಪಾಯಿಯೂ ಬೇಡ.

ಇಲ್ಲಿ ಹೇಳುವ ಹೆಸರುಗಳು ವಿಂಡೋಸ್ 11ರವು. ವಿಂಡೋಸ್ 10ರಲ್ಲೂ ಇವೆಲ್ಲ ಇವೆ, ಜಾಗವೂ ಕೆಲವು ಹೆಸರುಗಳೂ ಮಾತ್ರ ಸ್ವಲ್ಪ ಬೇರೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಪರೀಕ್ಷೆ

‘ಸೆಟ್ಟಿಂಗ್ಸ್’ ತೆರೆದು ‘ಸಿಸ್ಟಮ್’, ಅದರೊಳಗೆ ‘ಸೌಂಡ್’ ಒತ್ತಿ. ಕೆಳಗೆ ‘ಇನ್‌ಪುಟ್’ ಎಂಬ ಭಾಗದಲ್ಲಿ ಕಂಪ್ಯೂಟರಿಗೆ ಗೊತ್ತಿರುವ ಮೈಕುಗಳ ಪಟ್ಟಿ ಇರುತ್ತದೆ. ನಿಮ್ಮ ಮೈಕನ್ನು ಆರಿಸಿ, ಮಾತನಾಡಿ. ಅಲ್ಲೇ ದನಿಯ ಮಟ್ಟ ತೋರಿಸುವ ಅಡ್ಡಪಟ್ಟಿ ನಿಮ್ಮ ಮಾತಿಗೆ ತಕ್ಕಂತೆ ಏರಿಳಿಯುತ್ತಿದೆಯೇ? ಹೌದಾದರೆ ಮೈಕ್, ವೈರು, ಜಾಕ್, ಡ್ರೈವರ್ (ಸಾಧನವನ್ನು ವಿಂಡೋಸ್ ಜೊತೆ ಬೆಸೆಯುವ ತಂತ್ರಾಂಶ) ನಾಲ್ಕೂ ಸರಿಯಾಗಿವೆ. ದೋಷ ಇರುವುದು ಆ್ಯಪ್‌ನಲ್ಲಿ ಅಥವಾ ಅದಕ್ಕೆ ಕೊಡಬೇಕಾದ ಅನುಮತಿಯಲ್ಲಿ. ಇಲ್ಲವಾದರೆ ದೋಷ ವಿಂಡೋಸ್‌ನಲ್ಲಿದೆ ಅಥವಾ ಅದಕ್ಕೂ ಹಿಂದೆ ಇದೆ. ಈ ಒಂದು ನೋಟದಿಂದ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ.

ಇದಾದ ಮೇಲೆ ವಿಂಡೋಸ್ ಜೊತೆಗೇ ಬರುವ ‘ಸೌಂಡ್ ರೆಕಾರ್ಡರ್’ನಲ್ಲಿ ಹತ್ತು ಸೆಕೆಂಡು ಮಾತನಾಡಿ, ಹಿಂದಕ್ಕೆ ಹಾಕಿ ಕೇಳಿ. ಪಟ್ಟಿ ಏರಿಳಿಯುವುದನ್ನು ಕಣ್ಣಿನಲ್ಲಿ ನೋಡಿದರೆ ಸಾಲದು, ಕಿವಿಯಲ್ಲೂ ಕೇಳಬೇಕು. ದನಿ ಬರುತ್ತಿದೆಯಾದರೂ ಒಡೆದು ಬರುತ್ತಿರಬಹುದು. ಆಗ ಓದಬೇಕಾದ ಭಾಗವೇ ಬೇರೆ.

ಪೂರ್ತಿ ನಿಶ್ಶಬ್ದ, ಗೆರೆ ಅಲುಗುವುದೇ ಇಲ್ಲ

ನಿಶ್ಶಬ್ದದಲ್ಲಿ ಎರಡು ಬಗೆ. ದಾಖಲಾದದ್ದನ್ನು ವಾಲ್ಯೂಮ್ ಪೂರ್ತಿ ಏರಿಸಿ ಹೆಡ್‌ಫೋನಿನಲ್ಲಿ ಕೇಳಿದಾಗ ‘ಸ್ಸ್’ ಎಂಬ ಸಣ್ಣ ಸದ್ದೂ ಇಲ್ಲದಿದ್ದರೆ ಸಾಮಾನ್ಯವಾಗಿ ಯಾರೋ ಬಾಗಿಲು ಮುಚ್ಚಿದ್ದಾರೆ ಎಂದು ಅರ್ಥ: ಮ್ಯೂಟ್ ಆಗಿದೆ, ಅನುಮತಿ ಇಲ್ಲ ಅಥವಾ ನನಗಾದಂತೆ ಬೇರೆ ಮೂಲ ಆಯ್ಕೆಯಾಗಿದೆ. ಆ ‘ಸ್ಸ್’ ಸದ್ದು ಇದ್ದು ಮಾತು ಮಾತ್ರ ಇಲ್ಲದಿದ್ದರೆ ಬಾಗಿಲು ತೆರೆದಿದೆ, ದನಿ ಬಾಗಿಲವರೆಗೆ ಬರುತ್ತಿಲ್ಲ. ಆಗ ವೈರು, ಜಾಕ್, ಮೈಕಿನ ಕಡೆ ನೋಡಬೇಕು.

ಬಾಗಿಲು ಮುಚ್ಚಿರುವ ಸಂದರ್ಭವನ್ನು ಮೊದಲು ನೋಡೋಣ. ಹೆಡ್‌ಸೆಟ್ ವೈರಿನ ನಡುವೆ ಒಂದು ಸಣ್ಣ ಡಬ್ಬಿಯಿದ್ದರೆ ಅದರ ಬದಿಯಲ್ಲಿ ಮ್ಯೂಟ್ ಸ್ವಿಚ್ ಇರುತ್ತದೆ. ಜೇಬಿಗೆ ತಾಗಿ, ಮಡಿಲಿಗೆ ಉಜ್ಜಿ ಅದು ಸರಿಯುವುದು ದಿನನಿತ್ಯದ ಸಂಗತಿ. ಕೆಲವು ಹೆಡ್‌ಸೆಟ್‌ಗಳಲ್ಲಿ ಬಾಯಿಯ ಮುಂದಿನ ಕಡ್ಡಿಯನ್ನು ಮೇಲಕ್ಕೆತ್ತಿದರೆ ಸಾಕು, ಮೈಕ್ ತಾನೇ ಆಫ್ ಆಗುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳ ಕೀಲಿಮಣೆಯ ಮೇಲಿನ ಸಾಲಿನಲ್ಲಿ ಮೈಕಿನ ಚಿತ್ರದ ಮೇಲೆ ಅಡ್ಡಗೆರೆ ಎಳೆದ ಗುಂಡಿ ಇರುತ್ತದೆ. ಹಲವು ಮಾದರಿಗಳಲ್ಲಿ ಅದರ ಮೇಲೊಂದು ಪುಟ್ಟ ದೀಪ. ದೀಪ ಉರಿಯುತ್ತಿದ್ದರೆ ಮೈಕ್ ಆನ್ ಆಗಿದೆ ಎಂದು ತಿಳಿಯುವವರು ತುಂಬಾ ಜನ. ಹೆಚ್ಚಿನ ಯಂತ್ರಗಳಲ್ಲಿ ಅದು ತಿರುವುಮುರುವು: ದೀಪ ಉರಿದರೆ ಮೈಕ್ ಬಂದ್.

ಮುಂದಿನದು ಅನುಮತಿ. ‘ಸೆಟ್ಟಿಂಗ್ಸ್’ನಲ್ಲಿ ‘ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ’, ಅದರೊಳಗೆ ‘ಮೈಕ್ರೋಫೋನ್’. ಇಲ್ಲಿ ಒಂದಲ್ಲ, ಮೂರು ಸ್ವಿಚ್‌ಗಳನ್ನು ನೋಡಬೇಕು. ಮೊದಲನೆಯದು ಇಡೀ ಕಂಪ್ಯೂಟರಿನದು, ಎರಡನೆಯದು ಆ್ಯಪ್‌ಗಳದು. ಮೂರನೆಯದು ಪಟ್ಟಿಯ ಕೆಳಗೆ ಅಡಗಿರುವ, ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಅವಕಾಶ ಕೊಡುವ ಸ್ವಿಚ್. ದನಿ ದಾಖಲಿಸುವ ಆಡಾಸಿಟಿ, ಬ್ರೌಸರ್ ಆದ ಕ್ರೋಮ್‌ನಂತಹ ತಂತ್ರಾಂಶಗಳಿಗೆ ಈ ಮೂರನೆಯದೇ ಮುಖ್ಯ. ಮೇಲಿನ ಎರಡು ಆನ್ ಇದ್ದು ಇದೊಂದು ಆಫ್ ಇದ್ದರೆ ರೆಕಾರ್ಡಿಂಗ್ ಓಡುತ್ತಿರುವಂತೆಯೇ ಕಂಡರೂ ದಾಖಲಾಗಿರುವುದು ಬರೀ ಮೌನವಾಗಿರಬಹುದು.

ಇಷ್ಟಾದರೂ ಸರಿಯಾಗದಿದ್ದರೆ ಹಳೆಯ ಸೌಂಡ್ ಕಿಟಕಿಯನ್ನು ತೆರೆಯಿರಿ. ನನಗೆ ಹೊಸದಕ್ಕಿಂತ ಅದೇ ಇಷ್ಟ, ಎಲ್ಲವೂ ಒಂದೇ ಕಡೆ ಕಾಣುತ್ತದೆ. ‘ಸೌಂಡ್’ ಪುಟದ ತಳದಲ್ಲಿ ‘ಮೋರ್ ಸೌಂಡ್ ಸೆಟ್ಟಿಂಗ್ಸ್’ ಒತ್ತಿದರೆ ಬರುತ್ತದೆ. ಅಲ್ಲಿ ‘ರೆಕಾರ್ಡಿಂಗ್’ ಟ್ಯಾಬ್‌ಗೆ ಹೋಗಿ. ಪಟ್ಟಿಯ ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ, ನಿಷ್ಕ್ರಿಯವಾಗಿರುವ ಸಾಧನಗಳನ್ನೂ ತೋರಿಸುವ ಆಯ್ಕೆಗೆ ಗುರುತು ಹಾಕಿ. ಮಸುಕಾಗಿ ಕಾಣುವ ಮೈಕ್ ಇದ್ದರೆ ಅದರ ಮೇಲೆ ಬಲಗುಂಡಿ ಒತ್ತಿ ‘ಎನೇಬಲ್’ ಮಾಡಿ, ಕಂಪ್ಯೂಟರ್ ತಾನಾಗಿ ಅದನ್ನೇ ಬಳಸುವಂತೆ ‘ಡೀಫಾಲ್ಟ್’ ಮಾಡಿ. ಇದೇ ಪಟ್ಟಿಯಲ್ಲಿ ‘ಸ್ಟೀರಿಯೋ ಮಿಕ್ಸ್’ ಡೀಫಾಲ್ಟ್ ಆಗಿ ಕುಳಿತಿದ್ದರೆ ಅದನ್ನು ‘ಡಿಸೇಬಲ್’ ಮಾಡಿಬಿಡಿ.

ಒಂದು ಆ್ಯಪ್‌ನಲ್ಲಿ ಬರುತ್ತದೆ, ಇನ್ನೊಂದರಲ್ಲಿ ಇಲ್ಲ

ಇದು ಸಂತೋಷಪಡಬೇಕಾದ ಲಕ್ಷಣ, ಯಂತ್ರದಲ್ಲಿ ಏನೂ ಕೆಟ್ಟಿಲ್ಲ. ಝೂಮ್, ಆಡಾಸಿಟಿ, ಗೂಗಲ್ ಮೀಟ್ ಪ್ರತಿಯೊಂದಕ್ಕೂ ತನ್ನದೇ ಮೈಕ್ ಆಯ್ಕೆ ಇದೆ. ವಿಂಡೋಸ್‌ನಲ್ಲಿ ಬದಲಿಸಿದ ಮಾತ್ರಕ್ಕೆ ಅವು ಬದಲಾಗಬೇಕೆಂದಿಲ್ಲ. ಹಿಂದೊಮ್ಮೆ ಸಿಕ್ಕಿಸಿ ತೆಗೆದ ವೆಬ್‌ಕ್ಯಾಮಿನ ಮೈಕನ್ನೇ ನೆಚ್ಚಿಕೊಂಡು ಕುಳಿತಿರಬಹುದು. ಆ್ಯಪ್‌ನ ಆಡಿಯೋ ಸೆಟ್ಟಿಂಗ್ಸ್ ತೆರೆದು ಮೈಕಿನ ಹೆಸರನ್ನು ಕೈಯಾರೆ ಆರಿಸಿ. ಆಡಾಸಿಟಿ ತೆರೆದ ಮೇಲೆ ಮೈಕ್ ಸಿಕ್ಕಿಸಿದ್ದರೆ ಅದು ಪಟ್ಟಿಯಲ್ಲಿ ಕಾಣದಿರಬಹುದು. ಮುಚ್ಚಿ ಮತ್ತೆ ತೆರೆದರೆ ಕಾಣುತ್ತದೆ.

ಬ್ರೌಸರ್‌ನಲ್ಲಾದರೆ ವಿಳಾಸದ ಎಡಗಡೆಯ ಗುರುತನ್ನು ಒತ್ತಿ, ಆ ತಾಣಕ್ಕೆ ಮೈಕಿನ ಅನುಮತಿ ಇದೆಯೇ ನೋಡಿ. ಮೊದಲ ಸಲ ಕೇಳಿದಾಗ ಅವಸರದಲ್ಲಿ ಬೇಡ ಎಂದಿದ್ದರೆ ಅದು ಮತ್ತೆ ಕೇಳುವುದಿಲ್ಲ. ಕೆಲವು ಆ್ಯಂಟಿವೈರಸ್‌ಗಳೂ ಮೈಕಿಗೆ ತಡೆ ಹಾಕುತ್ತವೆ, ಅದರ ಸೆಟ್ಟಿಂಗ್ಸನ್ನೂ ಒಮ್ಮೆ ತೆರೆದು ನೋಡಿ. ಇನ್ನೊಂದು ಆ್ಯಪ್ ಮೈಕನ್ನು ತನಗೊಬ್ಬನಿಗೇ ಎಂದು ಹಿಡಿದಿಟ್ಟುಕೊಂಡಿರುವುದೂ ಉಂಟು. ಉಳಿದ ಆ್ಯಪ್‌ಗಳನ್ನೆಲ್ಲ ಮುಚ್ಚಿ ನೋಡಿ. ಮುಚ್ಚಿದಾಗ ಸರಿಯಾದರೆ ಹಳೆಯ ಸೌಂಡ್ ಕಿಟಕಿಯಲ್ಲಿ ಮೈಕಿನ ‘ಪ್ರಾಪರ್ಟೀಸ್’, ಅದರ ‘ಅಡ್ವಾನ್ಸ್‌ಡ್’ ಟ್ಯಾಬ್‌ನಲ್ಲಿ ‘ಎಕ್ಸ್‌ಕ್ಲೂಸಿವ್ ಮೋಡ್’ನ ಗುರುತುಗಳನ್ನು ತೆಗೆಯಿರಿ.

ಮೈಕ್ ಸಿಕ್ಕಿಸಿದರೂ ಪಟ್ಟಿಯಲ್ಲಿ ಕಾಣುವುದಿಲ್ಲ, ಅಥವಾ ಕಂಡರೂ ‘ಸ್ಸ್’ ಮಾತ್ರ

ಈಗ ಜಾಕ್ ಮತ್ತು ವೈರಿನ ಕಡೆ ಬರೋಣ. ಅಂಗಡಿಯಲ್ಲಿ ಹೆಚ್ಚು ಹಣ ಪೋಲಾಗುವುದು ಇಲ್ಲಿಯೇ, ಹಾಗಾಗಿ ನಿಧಾನವಾಗಿ ಓದಿ.

ಮೈಕಿನ ಪಿನ್ನನ್ನು ಬೆಳಕಿಗೆ ಹಿಡಿದು, ಲೋಹದ ಮೇಲೆ ಎಷ್ಟು ಉಂಗುರಗಳಿವೆ ಎಣಿಸಿ. ಅವು ಕಪ್ಪು ಅಥವಾ ಬಿಳಿ ಬಣ್ಣದ ತೆಳು ಗೆರೆಗಳು. ಮೂರು ಉಂಗುರವಿದ್ದರೆ ಪಿನ್ನಿನಲ್ಲಿ ನಾಲ್ಕು ಭಾಗ: ಎಡಗಿವಿ, ಬಲಗಿವಿ, ಅರ್ಥ್, ಮೈಕ್. ಮೊಬೈಲ್ ಇಯರ್‌ಫೋನುಗಳೂ ಮೊಬೈಲಿಗೆಂದು ಮಾರುವ ಕಾಲರ್ ಮೈಕುಗಳೂ ಹೀಗಿರುತ್ತವೆ. ಒಂದೇ ತೂತಿರುವ ಈಗಿನ ಲ್ಯಾಪ್‌ಟಾಪ್‌ಗಳಿಗೆ ಬೇಕಾದುದು ಈ ಬಗೆಯದೇ. ಎರಡು ಉಂಗುರವಿದ್ದರೆ ಅದು ಕ್ಯಾಮೆರಾಕ್ಕೋ ಹಳೆಯ ಡೆಸ್ಕ್‌ಟಾಪಿಗೋ ಮಾಡಿದ ಪಿನ್. ಲ್ಯಾಪ್‌ಟಾಪಿಗೆ ಹಾಕಿದರೆ ಅದು ಇದನ್ನು ಬರೀ ಹೆಡ್‌ಫೋನ್ ಎಂದುಕೊಂಡು ತನ್ನ ಒಳಗಿನ ಮೈಕನ್ನೇ ಬಳಸುತ್ತದೆ. ಮಾತು ದಾಖಲಾಗುತ್ತದೆ, ಆದರೆ ದೂರದಿಂದ ಬಂದಂತೆ ಕೇಳುತ್ತದೆ. ಆಗ ಮೈಕನ್ನು ಉಗುರಿನಿಂದ ಮೆಲ್ಲಗೆ ತಟ್ಟಿ. ತಟ್ಟಿದ ಸದ್ದು ಜೋರಾಗಿ ಬಾರದಿದ್ದರೆ ನೀವು ಮಾತನಾಡುತ್ತಿರುವುದು ಈ ಮೈಕಿಗಲ್ಲ.

ಡೆಸ್ಕ್‌ಟಾಪಿನಲ್ಲಿ ಕಥೆ ಬೇರೆ. ಅದರ ಬೆನ್ನಿನಲ್ಲಿ ಬಣ್ಣಬಣ್ಣದ ತೂತುಗಳಿವೆ: ಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ನೀಲಿ ಬೇರೆ ಯಂತ್ರದಿಂದ ಬರುವ ಸದ್ದಿಗೆ. ಮೊಬೈಲ್ ಇಯರ್‌ಫೋನನ್ನು ನೇರವಾಗಿ ಗುಲಾಬಿ ತೂತಿಗೆ ಹಾಕಿದರೆ ಮೈಕಿನ ತಂತಿ ಅಲ್ಲಿ ಸರಿಯಾದ ಜಾಗಕ್ಕೆ ಸೇರುವುದೇ ಇಲ್ಲ. ಕಿವಿಗಿಡುವ ಸ್ಪೀಕರೇ ಮೈಕಿನಂತೆ ವರ್ತಿಸಿ, ಬಾವಿಯೊಳಗಿಂದ ಬಂದಂತಹ ಕ್ಷೀಣ ದನಿ ಬರಬಹುದು ಅಷ್ಟೆ. ಇದಕ್ಕೆ ಮದ್ದು ಒಂದು ಕವಲು ವೈರು. ಅದರ ಒಂದು ತುದಿಯಲ್ಲಿ ಇಯರ್‌ಫೋನ್ ಸಿಕ್ಕಿಸುವ ತೂತು, ಇನ್ನೊಂದು ತುದಿಯಲ್ಲಿ ಮೈಕಿಗೊಂದು, ಸ್ಪೀಕರಿಗೊಂದು ಎಂದು ಎರಡು ಪಿನ್. ಇನ್ನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಮಂಗಳೂರಿನ ಒಂದು ಅಂಗಡಿಯಲ್ಲಿ ನನ್ನ ಕಣ್ಣೆದುರೇ, ಇದನ್ನು ಕೇಳಿಕೊಂಡು ಬಂದ ಕಾಲೇಜು ಹುಡುಗಿಗೆ ಸಾವಿರಾರು ರೂಪಾಯಿಯ ಹೆಡ್‌ಸೆಟ್ ತೋರಿಸುತ್ತಿದ್ದರು. ಅವಳ ಇಯರ್‌ಫೋನ್ ಸರಿಯಾಗಿಯೇ ಇತ್ತು. ನಾನು ಸುಮ್ಮನಿರಲಿಲ್ಲ. ಕವಲು ವೈರನ್ನೇ ಕೊಡಿ ಎಂದೆ.

ಡೆಸ್ಕ್‌ಟಾಪಿನ ಮುಂಭಾಗದ ತೂತಿನಲ್ಲಿ ಬಾರದಿದ್ದರೆ ಹಿಂಭಾಗದ ಗುಲಾಬಿ ತೂತಿನಲ್ಲಿ ಹಾಕಿ ನೋಡಿ. ಹಿಂದೆ ಬಂದು ಮುಂದೆ ಬಾರದಿದ್ದರೆ, ಡಬ್ಬಿಯೊಳಗೆ ಮುಂಭಾಗದಿಂದ ಮದರ್‌ಬೋರ್ಡಿಗೆ ಹೋಗುವ ಸಣ್ಣ ವೈರು ಸಿಕ್ಕಿಸಿಲ್ಲ ಅಥವಾ ಸಡಿಲವಾಗಿದೆ. ಡಬ್ಬಿ ಜೋಡಿಸಿದವರು ಇದನ್ನು ಮರೆಯುವುದುಂಟು. ಯುಎಸ್‌ಬಿ ಮೈಕ್ ಆಗಿದ್ದರೆ ಹಬ್ (ಒಂದು ತೂತನ್ನು ಹಲವಾಗಿಸುವ ಡಬ್ಬಿ) ಬಿಟ್ಟು ನೇರವಾಗಿ ಕಂಪ್ಯೂಟರಿಗೆ ಹಾಕಿ, ಬೇರೆ ತೂತನ್ನೂ ಪ್ರಯತ್ನಿಸಿ.

ಇಷ್ಟರಲ್ಲೂ ಸುಳಿವು ಸಿಗದಿದ್ದರೆ ಅದಲುಬದಲು ಪರೀಕ್ಷೆ. ನಿಮ್ಮ ಮೈಕನ್ನು ಬೇರೆಯವರ ಕಂಪ್ಯೂಟರಿಗೆ ಹಾಕಿ, ಬೇರೆಯವರ ಮೈಕನ್ನು ನಿಮ್ಮದಕ್ಕೆ ಹಾಕಿ. ತೊಂದರೆ ಮೈಕಿನ ಹಿಂದೆ ಹೋಗುತ್ತದೆಯೋ, ಕಂಪ್ಯೂಟರಿನಲ್ಲೇ ಉಳಿಯುತ್ತದೆಯೋ? ನೆರೆಮನೆಗೆ ಹೋಗಿ ಬರುವ ಐದು ನಿಮಿಷದಲ್ಲಿ ಇದು ತೀರ್ಮಾನವಾಗುತ್ತದೆ. ಇದನ್ನು ಮಾಡದೆ ಅಂಗಡಿಗೆ ಹೋಗಲೇಬೇಡಿ.

ತೊಂದರೆ ಕಂಪ್ಯೂಟರಿನದು ಎಂದಾದರೆ, ಮೊದಲು ಒಮ್ಮೆ ರೀಸ್ಟಾರ್ಟ್ ಮಾಡಿ. ಬಳಿಕ ‘ಡಿವೈಸ್ ಮ್ಯಾನೇಜರ್’ ತೆರೆದು ಸದ್ದಿಗೆ ಸಂಬಂಧಿಸಿದ ಎರಡು ಸಾಲುಗಳನ್ನು ನೋಡಿ. ಹಳದಿ ಗುರುತು ಇದ್ದರೆ ಡ್ರೈವರ್ ಸರಿಯಿಲ್ಲ. ಅಪ್‌ಡೇಟ್ ಆದ ಮರುದಿನವೇ ಮೈಕ್ ನಿಂತಿದ್ದರೆ ‘ಪ್ರಾಪರ್ಟೀಸ್’ನ ‘ಡ್ರೈವರ್’ ಟ್ಯಾಬ್‌ನಲ್ಲಿ ‘ರೋಲ್ ಬ್ಯಾಕ್’ ಒತ್ತಿ ಹಳೆಯದಕ್ಕೆ ಮರಳಿ. ಆ ಗುಂಡಿ ಮಸುಕಾಗಿದ್ದರೆ ಸಾಧನವನ್ನು ‘ಅನ್‌ಇನ್‌ಸ್ಟಾಲ್’ ಮಾಡಿ ರೀಸ್ಟಾರ್ಟ್ ಮಾಡಿ, ವಿಂಡೋಸ್ ಅದನ್ನು ಮತ್ತೆ ಹುಡುಕಿಕೊಳ್ಳುತ್ತದೆ. ಹೊಸ ಡ್ರೈವರ್ ಬೇಕಿದ್ದರೆ ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ತಾಣದಿಂದ ಮಾತ್ರ ಇಳಿಸಿ. ಡ್ರೈವರ್ ಹುಡುಕಿಕೊಡುತ್ತೇವೆ ಎನ್ನುವ ಉಚಿತ ತಂತ್ರಾಂಶಗಳನ್ನು ನಂಬಬೇಡಿ. ಅವು ಬೇಡದ ಹತ್ತನ್ನು ಜೊತೆಗೆ ತರುತ್ತವೆ.

ದನಿ ಬರುತ್ತದೆ, ಆದರೆ ತೀರಾ ಸಣ್ಣ

ಮೈಕಿಗೂ ಬಾಯಿಗೂ ನಡುವೆ ಒಂದು ಗೇಣು ಅಂತರ ಸಾಕು. ಹಳೆಯ ಸೌಂಡ್ ಕಿಟಕಿಯಲ್ಲಿ ಮೈಕಿನ ‘ಪ್ರಾಪರ್ಟೀಸ್’, ‘ಲೆವೆಲ್ಸ್’ ತೆರೆಯಿರಿ. ಮೇಲಿನ ಪಟ್ಟಿಯನ್ನು 80ರ ಹತ್ತಿರ ಇಡಿ. ಅದರ ಕೆಳಗೆ ಹಲವು ಯಂತ್ರಗಳಲ್ಲಿ ‘ಮೈಕ್ರೋಫೋನ್ ಬೂಸ್ಟ್’ ಇರುತ್ತದೆ; ಅದು 10, 20, 30 ಡೆಸಿಬೆಲ್ ಎಂದು ಮೆಟ್ಟಿಲಾಗಿ ಏರುತ್ತದೆ. 10 ಅಥವಾ 20 ಸಾಕು. 30ಕ್ಕೆ ಏರಿಸಿದರೆ ದನಿಯ ಜೊತೆ ಫ್ಯಾನಿನ ಸದ್ದೂ ಹೊರಗಿನ ಮಳೆಯೂ ಏರುತ್ತವೆ. ಆಡಾಸಿಟಿಯಲ್ಲಿ ನೋಡುವುದಾದರೆ ಜೋರಾದ ಮಾತು −12ರಿಂದ −6 ಡೆಸಿಬೆಲ್‌ವರೆಗೆ ಏರುವಂತಿರಲಿ.

ಎಷ್ಟು ಏರಿಸಿದರೂ ಸಾಲದು ಎಂದರೆ ಮೈಕ್ ಯಾವ ಜಾತಿಯದು ಎಂದು ಕೇಳಬೇಕು. ಕುಂದಾಪುರದ ಕಡೆಯ ಭಾಗವತರೊಬ್ಬರು ರಂಗಸ್ಥಳದಲ್ಲಿ ತಾವು ಹಾಡುವ ಮೈಕನ್ನೇ ಪಿನ್ ಬದಲಿಸಿ ಲ್ಯಾಪ್‌ಟಾಪಿಗೆ ಹಾಕಿದ್ದರು. ‘ಇಡೀ ಬಯಲಿಗೆ ಕೇಳಿಸುವ ಮೈಕ್ ಮಾರಾಯರೇ, ಈ ಪೆಟ್ಟಿಗೆಗೆ ಯಾಕೆ ಕೇಳುವುದಿಲ್ಲ?’ ಎಂದು ಅವರ ಪ್ರಶ್ನೆ. ವೇದಿಕೆಯ ಆ ಮೈಕ್ ಡೈನಮಿಕ್ ಬಗೆಯದು. ಒಳಗೆ ಅಯಸ್ಕಾಂತ, ಸುರುಳಿ. ದನಿಗೆ ಸುರುಳಿ ಕದಲಿ ಕೆಲವೇ ಮಿಲಿವೋಲ್ಟ್ ಹುಟ್ಟುತ್ತದೆ. ಬಯಲಿಗೆ ಕೇಳಿಸುವುದು ನಡುವಿನ ಆಂಪ್ಲಿಫೈಯರಿನ ಬಲದಿಂದ. ಕಂಪ್ಯೂಟರಿನ ಜಾಕ್ ಕಾಯುವುದು ಎಲೆಕ್ಟ್ರೆಟ್ ಬಗೆಯ ಪುಟ್ಟ ಮೈಕನ್ನು. ಅದಕ್ಕೆ ಬೇಕಾದ 2ರಿಂದ 5 ವೋಲ್ಟನ್ನು ಜಾಕೇ ಕೊಡುತ್ತದೆ, ಅದು ಮರಳಿ ಕೊಡುವ ಸಂಕೇತವೂ ದೊಡ್ಡದು. ಡೈನಮಿಕ್ ಮೈಕನ್ನು ಕಂಪ್ಯೂಟರಿಗೆ ಸೇರಿಸಲು ನಡುವೆ ಆ ಸಣ್ಣ ಸಂಕೇತವನ್ನು ಹಿಗ್ಗಿಸಿ ಕೊಡುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಅಥವಾ ಮಿಕ್ಸರ್ ಬೇಕು. ಸ್ಟುಡಿಯೋದ ಕಂಡೆನ್ಸರ್ ಮೈಕಿಗಂತೂ 48 ವೋಲ್ಟ್ ಬೇಕು. ಇಂಟರ್‌ಫೇಸ್ ಮೇಲೆ ‘48’ ಎಂದು ಬರೆದಿರುವ ಗುಂಡಿ ಒತ್ತದಿದ್ದರೆ ಸಂಪೂರ್ಣ ಮೌನ. ಆ ಮೈಕುಗಳಲ್ಲಿ ಹಲವಕ್ಕೆ ಮಾತನಾಡಬೇಕಾದದ್ದು ತುದಿಗಲ್ಲ, ಬದಿಗೆ. ಹೆಸರು ಅಚ್ಚಾಗಿರುವ ಬದಿಯನ್ನು ಬಾಯಿಯ ಕಡೆ ತಿರುಗಿಸಿ ನೋಡಿ.

ಲ್ಯಾಪ್‌ಟಾಪಿನ ಒಳಮೈಕ್ ಆದರೆ ಅದರ ಸೂಜಿಮೊನೆಯಷ್ಟು ತೂತು ಹೆಚ್ಚಾಗಿ ಕ್ಯಾಮೆರಾದ ಪಕ್ಕದಲ್ಲಿರುತ್ತದೆ. ಕ್ಯಾಮೆರಾಕ್ಕೆ ಅಂಟಿಸಿದ ಟೇಪು ಅದನ್ನೂ ಮುಚ್ಚಿರಬಹುದು. ತೂತಿಗೆ ಪಿನ್ನು ಚುಚ್ಚಬೇಡಿ, ಅದರ ಹಿಂದೆಯೇ ಮೈಕಿನ ತೆಳು ಪೊರೆ ಇದೆ. ಮೆತ್ತನೆಯ ಒಣ ಬ್ರಷ್ ಸಾಕು.

ಚೆಂಡೆ ಕೇಳಿಸುತ್ತದೆ, ಶ್ರುತಿ ಮಾಯ. ಅಥವಾ ದನಿ ತುಂಡುತುಂಡು

ಮೈಕ್ ಕೆಟ್ಟರೆ ಎಲ್ಲ ಸದ್ದೂ ಕೆಡಬೇಕು. ಮಾತು ಚೆನ್ನಾಗಿದ್ದು ಶ್ರುತಿ ಪೆಟ್ಟಿಗೆ ಮಾತ್ರ ಕಾಣೆಯಾದರೆ ಅದು ತಂತ್ರಾಂಶದ ಕೆಲಸ. ಝೂಮ್, ಮೀಟ್‌ನಂತಹ ಆ್ಯಪ್‌ಗಳು ಹಿನ್ನೆಲೆ ಗದ್ದಲವನ್ನು ಅಳಿಸುತ್ತವೆ. ಅವುಗಳ ಲೆಕ್ಕದಲ್ಲಿ ಒಂದೇ ಸಮನೆ ಬರುವ ಸದ್ದೆಲ್ಲ ಫ್ಯಾನಿನ ಸದ್ದು. ಶ್ರುತಿ ಅದಕ್ಕಿಂತ ಬೇರೆ ಎಂದು ಅವಕ್ಕೆ ಗೊತ್ತಿಲ್ಲ. ದೀರ್ಘವಾಗಿ ಎಳೆದ ಆಲಾಪವನ್ನೂ ನಡುನಡುವೆ ನುಂಗುತ್ತವೆ. ಆನ್‌ಲೈನಿನಲ್ಲಿ ಭಾಗವತಿಕೆ, ಸಂಗೀತ ಕಲಿಯುವ ಮಕ್ಕಳು ಶ್ರುತಿ ಇಲ್ಲದೆ ಪಾಠ ಕೇಳುವುದು ನನಗೆ ನಿಜಕ್ಕೂ ಸಂಕಟದ ವಿಷಯ. ಕಲಿಸುವವರು ದಯವಿಟ್ಟು ಇದನ್ನು ಇಂದೇ ಸರಿಪಡಿಸಿಕೊಳ್ಳಿ. ಝೂಮ್‌ನ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಸಂಗೀತಗಾರರಿಗಾಗಿಯೇ ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆ ಇದೆ. ಮೀಟ್‌ನಲ್ಲಿ ಗದ್ದಲ ಅಳಿಸುವ ಆಯ್ಕೆಯನ್ನು ಆಫ್ ಮಾಡಿ. ವಿಂಡೋಸ್‌ನಲ್ಲೂ ಮೈಕಿನ ಪುಟದಲ್ಲಿ ‘ಆಡಿಯೋ ಎನ್‌ಹಾನ್ಸ್‌ಮೆಂಟ್ಸ್’ ಆಫ್ ಮಾಡಬೇಕು.

ಚೆಂಡೆಯ ಪ್ರತಿ ಪೆಟ್ಟಿಗೂ ದನಿ ಒಡೆದು ಕರಕಲಾಗಿ ಬಂದರೆ ತೊಂದರೆ ಇದಕ್ಕೆ ವಿರುದ್ಧದ್ದು, ಲೆವೆಲ್ ಹೆಚ್ಚಾಗಿದೆ. ಬೂಸ್ಟನ್ನು ಸೊನ್ನೆಗೆ ಇಳಿಸಿ, ಮೈಕನ್ನು ಚೆಂಡೆಯಿಂದ ದೂರಕ್ಕೆ, ಭಾಗವತರ ಹತ್ತಿರಕ್ಕೆ ಸರಿಸಿ. ದಾಖಲಿಸುವಾಗ ಒಡೆದ ಸದ್ದನ್ನು ಆಮೇಲೆ ಯಾವ ತಂತ್ರಾಂಶವೂ ಪೂರ್ತಿಯಾಗಿ ಸರಿಮಾಡುವುದಿಲ್ಲ.

ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಮೈಕ್ ಆನ್ ಆದೊಡನೆ ಹಾಡು ಹಳೆಯ ಟೆಲಿಫೋನಿನಂತೆ ಕೇಳಿದರೆ ಅದು ದೋಷವಲ್ಲ. ಹಾಡು ಕೇಳುವ ವಿಧಾನ ಒಮ್ಮುಖದ್ದು; ಮೈಕ್ ಬೇಕೆಂದಾಗ ಅದು ಕರೆಯ ವಿಧಾನಕ್ಕೆ ಹೊರಳಿ ಗುಣಮಟ್ಟ ಇಳಿಯುತ್ತದೆ. ಕೇಳಲು ಬ್ಲೂಟೂತ್, ದಾಖಲಿಸಲು ವೈರಿನ ಮೈಕ್ ಎಂದು ಬೇರೆ ಮಾಡಿಕೊಳ್ಳಿ.

ಗುಂಯ್ ಎನ್ನುವ ಸದ್ದು, ವೈರು ಅಲುಗಿದರೆ ಕರಕರ

ಎಡೆಬಿಡದ ಗುಂಯ್ ಸದ್ದು ವಿದ್ಯುತ್ತಿನದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಮಿಡಿಯುತ್ತದೆ, ಆ ಮಿಡಿತವೇ ಮೈಕಿನ ವೈರಿಗೆ ನುಸುಳಿರುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ಮೈಕ್ ಸರಿಯಿದೆ. ಚಾರ್ಜರ್ ಅಥವಾ ಮನೆಯ ಅರ್ಥಿಂಗ್ ಸರಿಯಿಲ್ಲ. ಕರಾವಳಿಯ ಮುರಕಲ್ಲಿನ ನೆಲದಲ್ಲಿ ಬೇಸಿಗೆಯ ಕೊನೆಗೆ ಅರ್ಥ್ ಗುಂಡಿ ಒಣಗಿರುತ್ತದೆ. ಮಣ್ಣು ಒಣಗಿದಷ್ಟೂ ಅರ್ಥಿಂಗ್ ದುರ್ಬಲ. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಜುಮ್ ಎಂದರೆ ಅಥವಾ ಮೈಕಿಗೆ ತುಟಿ ತಾಗಿದಾಗ ಚುರುಕ್ ಎಂದರೆ ಅಲ್ಲಿಗೇ ನಿಲ್ಲಿಸಿ. ಇದು ಮೈಕಿನ ವಿಚಾರವೇ ಅಲ್ಲ, ಜೀವದ ವಿಚಾರ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ಥಿಂಗ್ ಅಳೆಸಿ. ಗುಂಯ್ ಸದ್ದು ಹೋಗಲಿ ಎಂದು ಪ್ಲಗ್ಗಿನ ಮೂರನೆಯ ಪಿನ್ ಕತ್ತರಿಸುವವರನ್ನು ಕಂಡಿದ್ದೇನೆ. ಅದನ್ನು ಎಂದಿಗೂ ಮಾಡಬೇಡಿ.

ವೈರು ಅಲುಗಿದಾಗ ಮಾತ್ರ ಕರಕರ ಎಂದರೆ ಪಿನ್ನಿನ ಬುಡದಲ್ಲಿ ತಂತಿ ತುಂಡಾಗಿದೆ ಅಥವಾ ಜಾಕ್ ಕೊಳೆಯಾಗಿದೆ. ಇದು ನಮ್ಮೂರಿನ ಹವೆಗೆ ಅಂಟಿದ ಕಾಯಿಲೆ. ಮಲ್ಪೆಯಲ್ಲೋ ಸುರತ್ಕಲ್ಲಿನಲ್ಲೋ ಕಡಲಿಗೆ ಹತ್ತಿರದ ಮನೆಗಳಲ್ಲಿ ಉಪ್ಪಿನ ತೇವ ಒಂದೆರಡು ಮಳೆಗಾಲದಲ್ಲಿ ಪಿನ್ನಿನ ಹೊಳಪನ್ನು ತಿಂದು, ಹಸಿರು ಬೂದಿಯಂತಹ ಪದರ ಕಟ್ಟುತ್ತದೆ. ಕಂಪ್ಯೂಟರನ್ನು ಬಂದ್ ಮಾಡಿ, ಚಾರ್ಜರ್ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಸ್ವಲ್ಪ ಒದ್ದೆ ಮಾಡಿದ ಬಟ್ಟೆಯಿಂದ ಪಿನ್ ಒರೆಸಿ. ಆರಿದ ಮೇಲೆ ಜಾಕಿಗೆ ಹಾಕಿ ತೆಗೆಯುವುದನ್ನು ಹತ್ತು ಸಲ ಮಾಡಿದರೆ ಒಳಗಿನ ಪದರವೂ ಸ್ವಲ್ಪ ಉದುರುತ್ತದೆ. ಆಲ್ಕೊಹಾಲ್ ಬೇಗ ಹೊತ್ತಿಕೊಳ್ಳುವ ದ್ರವ, ದೇವರ ದೀಪದ ಬಳಿ ಕುಳಿತು ಈ ಕೆಲಸ ಬೇಡ. ತೆಂಗಿನೆಣ್ಣೆ, ಸೀಮೆಎಣ್ಣೆ ಹಾಕಬೇಡಿ.

ಮಳೆಗಾಲದಲ್ಲಿ ಮೈಕನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ. ಅಕ್ಕಿಯಲ್ಲಿ ಹೂತಿಡುವುದನ್ನು ನಾನು ಒಪ್ಪುವುದಿಲ್ಲ, ಅಕ್ಕಿಯ ಹುಡಿ ಮೈಕಿನ ತೂತಿಗೇ ಸೇರುತ್ತದೆ. ಸಿಡಿಲು ಗುಡುಗುವ ಸಂಜೆ ಸ್ವಿಚ್ ಆಫ್ ಮಾಡಿದರೆ ಸಾಲದು. ಚಾರ್ಜರನ್ನೂ ಇಂಟರ್‌ನೆಟ್ ವೈರನ್ನೂ ಕಿತ್ತಿಡಿ. ಸಿಡಿಲು ಬಡಿದ ಮರುದಿನ ಮೈಕಿನ ಜೊತೆ ಸ್ಪೀಕರೂ ಯುಎಸ್‌ಬಿ ತೂತುಗಳೂ ನಿಂತಿದ್ದರೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ.

ನಿಲ್ಲಿಸಿ, ಅಂಗಡಿಗೆ ಹೋಗಬೇಕಾದದ್ದು ಯಾವಾಗ

ನೀರು ಅಥವಾ ಚಹಾ ಬಿದ್ದಿದ್ದರೆ, ಸುಟ್ಟ ವಾಸನೆ ಬಂದರೆ, ಬ್ಯಾಟರಿ ಉಬ್ಬಿದ್ದರೆ ತಕ್ಷಣ ಬಂದ್ ಮಾಡಿ, ಮತ್ತೆ ಆನ್ ಮಾಡಿ ಪರೀಕ್ಷಿಸಬೇಡಿ. ಪಿನ್ ಮುರಿದು ಜಾಕಿನೊಳಗೆ ಉಳಿದಿದ್ದರೆ ಇಕ್ಕಳ ಹಾಕಿ ಕೀಳಬೇಡಿ. ವಾರಂಟಿ ಇರುವ ಲ್ಯಾಪ್‌ಟಾಪನ್ನು ಬಿಚ್ಚಬೇಡಿ. ಡೆಸ್ಕ್‌ಟಾಪಿನ ಡಬ್ಬಿ ತೆರೆದರೂ ಅದರೊಳಗಿನ ಪವರ್ ಸಪ್ಲೈ ಪೆಟ್ಟಿಗೆಯನ್ನು ಮುಟ್ಟಬೇಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರುತ್ತದೆ.

ಜಾಕ್ ಮಾತ್ರ ಕೆಟ್ಟಿದೆ ಎಂದು ಖಚಿತವಾದರೆ ರಿಪೇರಿಗಿಂತ ಅಗ್ಗದ ದಾರಿ ಒಂದಿದೆ. ಪೆನ್‌ಡ್ರೈವಿನಷ್ಟೇ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರಲ್ಲಿ ಬೇರೆಯೇ ಜಾಕ್ ಇರುವುದರಿಂದ ಕೆಟ್ಟದ್ದನ್ನು ಮುಟ್ಟುವ ಅಗತ್ಯವೇ ಇಲ್ಲ. ಹಾಗಾಗಿ ಯಾರಾದರೂ ಮದರ್‌ಬೋರ್ಡ್ ಬದಲಿಸಬೇಕು ಎಂದರೆ, ಒಪ್ಪುವ ಮೊದಲು ಅಲ್ಲಿಯೇ ಒಂದು ಯುಎಸ್‌ಬಿ ಮೈಕ್ ಹಾಕಿ ತೋರಿಸಲು ಕೇಳಿ.

ಅಂಗಡಿಗೆ ಹೋಗುವಾಗ ಮೈಕನ್ನೂ ಕವಲು ವೈರಿದ್ದರೆ ಅದನ್ನೂ ಕೊಂಡೊಯ್ಯಿರಿ, ಹಳೆಯ ರೆಕಾರ್ಡಿಂಗುಗಳನ್ನು ಮೊದಲೇ ಬೇರೆ ಡ್ರೈವಿಗೆ ನಕಲು ಮಾಡಿಡಿ. ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ‘ಇನ್‌ಪುಟ್’ ಪಟ್ಟಿ ಅಲುಗುತ್ತದೆಯೇ ಇಲ್ಲವೇ, ಈ ಮೈಕ್ ಬೇರೆ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತದೆಯೇ, ಬೇರೆ ಮೈಕ್ ಈ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತದೆಯೇ, ತೊಂದರೆ ಶುರುವಾದ ದಿನ ಅಪ್‌ಡೇಟ್ ಆಗಿತ್ತೇ ಅಥವಾ ಸಿಡಿಲು ಬಡಿದಿತ್ತೇ. ಈ ಚೀಟಿಯನ್ನು ಮೊದಲು ಓದಿ, ಆಮೇಲೆ ಯಂತ್ರಕ್ಕೆ ಕೈ ಹಾಕುವವರ ಬಳಿ ಧೈರ್ಯವಾಗಿ ಬಿಟ್ಟು ಬನ್ನಿ.